ದವಾಖಾನೆಯ ಪಡುವಣ ಗೋಡೆ

ಹೋದ ಮಳೆಗಾಲದಲ್ಲಿ ಸುನೀತಾ ಎಂಬ ಹುಡುಗಿ ನನಗೆ ಫೋನ್ ಮಾಡಿದಳು. ಲೋಕೋಪಯೋಗಿ ಇಲಾಖೆಗೆ ಹೊಸದಾಗಿ ಸೇರಿದ ಜೂನಿಯರ್ ಇಂಜಿನಿಯರ್. ನಾನು ಅವಳ ಮುಖ ನೋಡಿಲ್ಲ. ನನ್ನ ನಂಬರನ್ನು ಆಫೀಸಿನಲ್ಲಿ ಯಾರೋ ಕೊಟ್ಟಿದ್ದರಂತೆ. ನಿವೃತ್ತರಾದವರ ನಂಬರನ್ನು ಯಾರೂ ಸುಮ್ಮನೆ ಹುಡುಕುವುದಿಲ್ಲ, ಎಲ್ಲೋ ಏನೋ ಸೋರುತ್ತಿರಬೇಕು ಅಂದುಕೊಂಡೆ.

"ಸರ್, ಹಳೇ ದವಾಖಾನಿದು ವೆಸ್ಟ್ ಸೈಡ್ ಗ್ವಾಡಿ ಅದಲ್ರಿ, ಮಳಿ ಹತ್ತಿದ ಕೂಡ್ಲೇ ಅದರ ಮ್ಯಾಲೊಂದು ಚೌಕನ ಗುರ್ತು ಏಳ್ತದರಿ. ಬೆಳ್ಳಗ, ಉಪ್ಪಿನಂಗ. ಕೆರದು ಬಣ್ಣ ಹೊಡಸಿದ್ರೂ ಮತ್ತ ಬರ್ತದ. ಇದಕ್ಕೇನು ಔಷಧರಿ?"

"ಅಲ್ಲೊಂದು ಕಿಡಕಿ ಇತ್ತವ್ವ. ಸಿಮೆಂಟಿಲೆ ಮುಚ್ಚೀವಿ. ಅದಕ್ಕ ಉಪ್ಪು ಏಳ್ತದ. ಎರಡು ಕೋಟು ಸುಣ್ಣ ಹೊಡಸು."

"ಯಾತರ ಕಿಡಕಿರಿ ಸರ್?"

"ಹವಾಕ್ಕ ಇತ್ತು," ಅಂದೆ.

ಅವಳು ಥ್ಯಾಂಕ್ಸ್ ಹೇಳಿ ಫೋನಿಟ್ಟಳು. ನಾನು ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಕೂತೆ. ಸುಣ್ಣ ಹೊಡೆದರೆ ಆ ಗುರುತು ಹೋಗುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಆ ಕಿಂಡಿ ಹವಾಕ್ಕೆ ಇರಲಿಲ್ಲ ಎಂಬುದೂ ಗೊತ್ತು. ಮಗಳ ವಯಸ್ಸಿನ ಹುಡುಗಿ ಕೆಲಸ ಕಲಿಯಲು ಒಂದು ಪ್ರಶ್ನೆ ಕೇಳಿದರೆ, ಈ ವಯಸ್ಸಿನಲ್ಲೂ ಸುಳ್ಳು ಹೇಳಿದೆ. ಅಂದಿನಿಂದ ಅನ್ನ ರುಚಿಸಿಲ್ಲ ಅಂದರೆ ಅತಿಯಾಯಿತು, ಅನ್ನ ಚೆನ್ನಾಗಿಯೇ ರುಚಿಸುತ್ತದೆ. ಆದರೆ ಮಳೆ ಬಂದಾಗಲೆಲ್ಲ ಆ ಗೋಡೆ ನೆನಪಾಗಿ ಮೈ ಹಿಡಿಯಾಗುತ್ತದೆ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ, ಸುನೀತಾಳಿಗೂ ಅವಳಂತೆ ಹೊಸದಾಗಿ ಇಲಾಖೆಗೆ ಬರುವವರಿಗೂ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದು ನನ್ನ ಹೆಂಡತಿಗೇ ಬೇಕಾಗಿಲ್ಲ.

ನನ್ನ ಹೆಸರು ಭೀಮರಾಯ. ಹುಟ್ಟಿದ್ದು ಕೊಂಕಲ್‌ನಲ್ಲಿ, ದಲಿತ ಕೇರಿಯಲ್ಲಿ. ಅಪ್ಪ, ಅವ್ವ ಬೇರೆಯವರ ಹೊಲದಲ್ಲಿ ದುಡಿದು ನನ್ನನ್ನು ಡಿಪ್ಲೊಮಾ ಓದಿಸಿದರು. ಯಾದಗಿರಿ, ಶಹಾಪುರ, ಸುರಪುರ, ಈ ಮೂರು ಊರುಗಳ ನಡುವೆಯೇ ನನ್ನ ನೌಕರಿ ಸುತ್ತಿತು. ಸರ್ಕಾರಿ ಕಟ್ಟಡಗಳ ದುರಸ್ತಿ ನನ್ನ ಪಾಲಿಗೆ ಬಂದ ಕೆಲಸ. ಹೊಸ ಕಟ್ಟಡ ಕಟ್ಟುವವನಿಗೆ ಕಲ್ಲಿನಲ್ಲಿ ಹೆಸರು ಕೆತ್ತುತ್ತಾರೆ, ದುರಸ್ತಿ ಮಾಡುವವನಿಗೆ ಬೈಗುಳ ಮಾತ್ರ ಸಿಗುತ್ತದೆ. ನಾನು ಹೇಳುತ್ತಿರುವ ದವಾಖಾನೆ ಈ ಮೂರು ಊರುಗಳಲ್ಲಿ ಒಂದರಲ್ಲಿದೆ. ಯಾವ ಊರು ಅಂತ ಹೇಳುವುದಿಲ್ಲ. ಹೇಳಿದರೆ ಉಳಿದೆರಡು ಊರಿನವರು, ನಮ್ಮಲ್ಲಿ ಅಂಥದ್ದೇನೂ ಇರಲಿಲ್ಲ ಅಂತ ಎದೆ ತಟ್ಟಿಕೊಳ್ಳುತ್ತಾರೆ.

ಆ ಕಟ್ಟಡ ನಿಜಾಮರ ಕಾಲದ್ದು, ನೂರು ವರ್ಷಕ್ಕೂ ಹಿಂದಿನದು. ನಕ್ಷೆ ಬರೆದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಹೈದರಾಬಾದಿನಿಂದ ಬಂದವನು ಅನ್ನುವವರಿದ್ದಾರೆ, ಇಂಗ್ಲಿಷಿನವನು ಅನ್ನುವವರೂ ಇದ್ದಾರೆ. ನಾನು ಅವನನ್ನು ಮನಸ್ಸಿನಲ್ಲಿ ಉಸ್ತಾದ್ ಅಂತ ಕರೆಯುತ್ತಿದ್ದೆ. ನಮ್ಮ ಕಡೆಯ ಬೇಸಿಗೆಯನ್ನು ಅಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವನನ್ನು ನಾನು ಬೇರೆ ಕಂಡಿಲ್ಲ. ಎರಡು ಉದ್ದನೆಯ ವಾರ್ಡುಗಳು, ನಡುವೆ ದೊಡ್ಡ ಹಜಾರ. ವಾರ್ಡುಗಳ ಉದ್ದನೆಯ ಗೋಡೆಗಳು ಉತ್ತರಕ್ಕೆ, ದಕ್ಷಿಣಕ್ಕೆ. ಅದರಿಂದ ಬಿಸಿಲು ಒಳಗೆ ನುಗ್ಗುವುದಿಲ್ಲ, ಗಾಳಿ ಮಾತ್ರ ಹಾಯುತ್ತದೆ. ಪ್ರತಿ ಎರಡು ಮಂಚಗಳ ನಡುವೆ ಒಂದು ಕಿಟಕಿ. ಚಾವಣಿಯ ಕೆಳಗೆ ಸಾಲಾಗಿ ಸಣ್ಣ ಗವಾಕ್ಷಿಗಳು, ಒಳಗಿನ ಕಾವು ಮೇಲೇರಿ ಅಲ್ಲಿಂದ ಹೊರಗೆ ಹೋಗುತ್ತದೆ. ಗೋಡೆ ನೆಲವನ್ನು ಸೇರುವ ಮೂಲೆಗಳನ್ನೂ ಗುಂಡಗೆ ಮಾಡಿದ್ದ, ಧೂಳು ಕೂರಬಾರದು ಅಂತ. ಸುತ್ತ ಕಲ್ಲಿನ ಕಂಬಗಳ ಪಡಸಾಲೆ. ಒಂದೊಂದು ಕಿಟಕಿಯ ಮೇಲೂ ಶಹಾಬಾದ್ ಕಲ್ಲಿನ ಛಜ್ಜಾ, ನೆರಳಿಗಾಗಿ ಚಾಚಿದ ಚಪ್ಪಡಿ. ಮೇ ತಿಂಗಳ ಮಧ್ಯಾಹ್ನ ಹೊರಗೆ ನಿಂತವನ ತಲೆ ಸಿಡಿಯುತ್ತಿದ್ದರೆ ಒಳಗೆ ರೋಗಿಗಳು ಚಾದರ ಹೊದ್ದು ನಿದ್ದೆ ಮಾಡುತ್ತಿದ್ದರು. ರೋಗಿಯ ಬಗ್ಗೆ ಇಷ್ಟು ಕಾಳಜಿ ಇದ್ದ ಮನುಷ್ಯ ಎಂಥ ದೊಡ್ಡವನಿರಬೇಕು ಅಂತ ನಾನು ಎಷ್ಟೋ ಸಲ ಆ ಪಡಸಾಲೆಯಲ್ಲಿ ನಿಂತು ಅಂದುಕೊಂಡಿದ್ದೇನೆ.

ಈಗ ನಾವು ಆ ಕಟ್ಟಡಕ್ಕೆ ಮಾಡಿದ್ದನ್ನು ಕೇಳಿ.

ನಾನು ಸೇರಿದ ಹೊಸತರಲ್ಲಿ ನಮಗೊಬ್ಬ ಸಾಹೇಬರಿದ್ದರು. ಅವರನ್ನು ಆಫೀಸಿನಲ್ಲಿ ಎಲ್ಲರೂ ಬೆನ್ನ ಹಿಂದೆ ಸಿಮೆಂಟ್ ಸಾಹೇಬರು ಅನ್ನುತ್ತಿದ್ದೆವು. ಯಾವ ಕಾಯಿಲೆಗೂ ಅವರದು ಒಂದೇ ಔಷಧ. ದವಾಖಾನೆಯ ಕಲ್ಲಿನ ಗೋಡೆಗಳನ್ನು ಕಟ್ಟಿದ್ದು ಗಚ್ಚಿನಿಂದ. ಗಚ್ಚು ಅಂದರೆ ಸುಣ್ಣ, ಮರಳು ಸೇರಿಸಿ ಗಾಣದಲ್ಲಿ ಅರೆದದ್ದು. ಅದು ತೇವ ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಒಂದು ಮಳೆಗಾಲ ಗೋಡೆ ತೇವವಾಗಿದ್ದು ಕಂಡು ಸಾಹೇಬರು, "ಸಿಮೆಂಟ್ ಗಿಲಾವು ಹೊಡಸ್ರಿ, ಹನಿ ನೀರು ಒಳಗ ಹೋಗಬಾರ್ದು," ಅಂದರು. ನಾನು ಹೊಸಬ, ಹೌದ್ರಿ ಅಂದೆ. ನಿಂತು ಹೊಡೆಸಿದೆ. ಹನಿ ನೀರು ಒಳಗೆ ಹೋಗಲಿಲ್ಲ, ಒಳಗಿದ್ದದ್ದು ಹೊರಗೂ ಬರಲಿಲ್ಲ. ಎರಡೇ ವರ್ಷದಲ್ಲಿ ಗೋಡೆಯೊಳಗಿನ ತೇವವೆಲ್ಲ ಸಿಮೆಂಟಿನ ಅಂಚು ಹುಡುಕಿಕೊಂಡು ಹೊರಬಿದ್ದು ಉಪ್ಪು ಹೂವಿನಂತೆ ಅರಳಿತು. ರೋಗಿಗಳು ಗೋಡೆಗೆ ಒರಗಿದರೆ ಬೆನ್ನೆಲ್ಲ ಬೆಳ್ಳಗೆ. ಸಾಹೇಬರು ಅಷ್ಟರಲ್ಲಿ ವರ್ಗವಾಗಿ ಹೋಗಿದ್ದರು. ಬೈಗುಳ ನನ್ನ ಪಾಲಿಗೆ ಬಂತು, ಬರಬೇಕಾದ್ದೇ.

ಆಮೇಲೆ ಹೆರಿಗೆ ವಾರ್ಡಿಗೆ ಸುಳ್ಳು ಚಾವಣಿ, ಅಂದರೆ ಫಾಲ್ಸ್ ಸೀಲಿಂಗ್, ಹಾಕುವ ಆದೇಶ ಬಂತು. ಅಷ್ಟು ಎತ್ತರದ ಕೋಣೆ ಹಳೆಯದಾಗಿ ಕಾಣುತ್ತದೆ ಎಂದು ಯಾರಿಗೋ ಅನ್ನಿಸಿತ್ತು. ಹಾಕಿದೆವು. ಉಸ್ತಾದನ ಗವಾಕ್ಷಿಗಳೆಲ್ಲ ಅದರ ಮೇಲೆ ಮರೆಯಾದವು. ಬಾಣಂತಿಯರು ಬೆವರಿನಲ್ಲಿ ಮುಳುಗಿದರು. ಅದು ಸಾಲದು ಅಂತ ಒಂದು ಬೆಕ್ಕು ಗವಾಕ್ಷಿಯಿಂದ ನುಗ್ಗಿ ಆ ಚಾವಣಿಯ ಮೇಲೆ ಮರಿ ಹಾಕಿತು. ಹಿರಿಯ ನರ್ಸೊಬ್ಬಳು ನನ್ನನ್ನು ಕರೆದು ತೋರಿಸಿ, "ಸಾಹೇಬ್ರ, ಮ್ಯಾಲೂ ಹೆರಿಗಿ, ಕೆಳಗೂ ಹೆರಿಗಿ. ಎರಡಕ್ಕೂ ನಾನೇ ಓಡಾಡ್ಲೇನು?" ಅಂದಳು. ಸುತ್ತಲಿದ್ದ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಗಬೇಕಾಯಿತು, ಆದರೆ ಮುಖ ಎತ್ತಿ ನಗಲಾಗಲಿಲ್ಲ.

ಈ ಎರಡು ಪೆಟ್ಟು ತಿಂದ ಮೇಲೆ ನಾನು ಹಟಕ್ಕೆ ಬಿದ್ದು ಹಳೆಯ ಪದ್ಧತಿ ಕಲಿತೆ. ಸುರಪುರದ ಖಾಜಾಸಾಬ ಎಂಬ ಗೌಂಡಿಯನ್ನು ಜೊತೆಗೆ ಹಾಕಿಕೊಂಡೆ. ಅವನಿಗೂ ಗಚ್ಚಿನ ಕೆಲಸ ಅರ್ಧ ಮರೆತಿತ್ತು. ನಾವಿಬ್ಬರೂ ಸೇರಿ ಎಷ್ಟೋ ಗಾಣ ಗಚ್ಚು ಕೆಡಿಸಿದೆವು, ಜಗಳಾಡಿದೆವು, ಕಡೆಗೊಮ್ಮೆ ಗೋಡೆಗೆ ಹತ್ತಿದ್ದು ಬೀಳದೆ ನಿಂತಿತು. ಆಮೇಲೆ ಗಚ್ಚಿನ ಗೋಡೆಯ ಹತ್ತಿರ ಯಾರಾದರೂ ಸಿಮೆಂಟ್ ಚೀಲ ಇಳಿಸಿದರೆ ಮೈಮೇಲೆ ಹೋಗುತ್ತಿದ್ದೆ. ಗುತ್ತಿಗೆದಾರರು ನನಗೆ ಸುಣ್ಣದ ಭೀಮರಾಯ ಅಂತ ಹೆಸರಿಟ್ಟರು. ಮೇಲೆ ಸಿಟ್ಟು ತೋರಿಸುತ್ತಿದ್ದೆ, ಒಳಗೊಳಗೆ ಅದು ಹಿತವಾಗಿಯೇ ಇತ್ತು.

ನಾನು ನಿವೃತ್ತನಾಗಲು ಕೆಲವು ವರ್ಷ ಇರುವಾಗ ಆ ದವಾಖಾನೆಯನ್ನು ಕೆಡವಬಾರದು, ಮೊದಲಿನಂತೆ ಮಾಡಬೇಕು ಎಂಬ ತೀರ್ಮಾನ ಬಂತು. ಕೆಲಸ ನನಗೆ ವಹಿಸಿದರು. ಹಸಿದವನಿಗೆ ಹೋಳಿಗೆ ಬಡಿಸಿದಂತಾಯಿತು. ಸಿಮೆಂಟ್ ಕಿತ್ತೆವು, ಸುಳ್ಳು ಚಾವಣಿ ಇಳಿಸಿದೆವು, ಗವಾಕ್ಷಿಗಳ ಕಸ ತೆಗೆದೆವು. ಒಂದೊಂದೇ ಕೋಣೆಗೆ ಮತ್ತೆ ಉಸಿರು ಬಂತು.

ಪಡುವಣ ತುದಿಯಲ್ಲಿ ಹಿಂದಿನ ಕಾಲದ ಔಷಧ ಕೋಣೆ ಇದೆ. ಕಾಂಪೌಂಡರ್ ಕೂತು ಔಷಧ ಕಲಸಿ ಕೊಡುತ್ತಿದ್ದ ಜಾಗ. ಅದರ ಹಳೆಯ ಕಪಾಟನ್ನು ಸರಿಸಿದಾಗ ಹಿಂದಿನ ಗೋಡೆಯಲ್ಲಿ ಇಟ್ಟಿಗೆ ತುಂಬಿ ಮುಚ್ಚಿದ ಒಂದು ಕಿಂಡಿ ಕಂಡಿತು. ಖಾಜಾಸಾಬ ಇಟ್ಟಿಗೆ ತೆಗೆದ. ಒಳಗಿನಿಂದ ಸೊಂಟದೆತ್ತರದಲ್ಲಿ ಒಂದು ಚೌಕನೆಯ ಕಿಂಡಿ. ಅದರ ತಳದ ಕಲ್ಲು ಹೊರಗಡೆಗೆ ಇಳಿಜಾರು, ಅದರ ನಡುವೆ ಬೆರಳಗಲದ ಕಾಲುವೆ ಕೊರೆದಿತ್ತು. ಹೊರಗೆ ನೆಲ ತಗ್ಗು, ಅಲ್ಲಿ ನಿಂತವನಿಗೆ ಆ ಕಲ್ಲು ತಲೆಯ ಮಟ್ಟಕ್ಕೆ ಬರುತ್ತದೆ.

ಇದು ಯಾತಕ್ಕೆ ಅಂತ ಎಲ್ಲರೂ ತಲೆ ಓಡಿಸಿದೆವು. ಖಾಜಾಸಾಬ, "ಪರದಾದ ಹೆಣ್ಣಮಕ್ಕಳಿಗಿ ಇರಬೇಕ್ರಿ ಸಾಬ, ಒಳಗ ಬರದೆ ದವಾ ತಗೊಳ್ಳಾಕ," ಅಂದ. ಹೆಂಗಸರ ಜನಾನಾ ವಾರ್ಡು ಬೇರೆಯೇ ಇದೆಯಲ್ಲ, ಅದಲ್ಲ ಅಂದೆ. ದವಾಖಾನೆಯ ಡಾಕ್ಟರು ಹಾಲಿನವನಿಗೆ ಇರಬೇಕು ಅಂದರು. ನಾನು ಮೊದಲು, ನೆಲ ತೊಳೆದ ನೀರು ಹೋಗುವ ದಾರಿ ಅಂದೆ. ನೆಲದ ನೀರು ಸೊಂಟದೆತ್ತರ ಹೇಗೆ ಏರುತ್ತದೆ ಅಂತ ಡಾಕ್ಟರು ಕೇಳಿದ ಮೇಲೆ ಬಾಯಿ ಮುಚ್ಚಿದೆ. ರಾತ್ರಿಯೆಲ್ಲ ಯೋಚಿಸಿ ಮರುದಿನ ಹೊಸ ಸಿದ್ಧಾಂತ ತಂದೆ: ಕೆಳಗಿನ ಕಿಂಡಿಯಿಂದ ಗಾಳಿ ಒಳಗೆ, ಮೇಲಿನ ಗವಾಕ್ಷಿಯಿಂದ ಕಾವು ಹೊರಗೆ, ಕಾಲುವೆ ಮಳೆನೀರಿಗೆ. ನಕ್ಷೆಯಲ್ಲಿ 'ಹವಾಕಿಂಡಿ' ಅಂತ ಬರೆದೆ.

ಈ ಹೊಸ ಹುಡುಗರಿಗೆ ನಾನು ಹೇಳುವುದಿಷ್ಟೇ, ಕಟ್ಟಡ ಸುಳ್ಳು ಹೇಳುವುದಿಲ್ಲ, ನೋಡುವವನು ತನಗೆ ಬೇಕಾದ್ದನ್ನು ನೋಡುತ್ತಾನೆ. ಉಸ್ತಾದ್ ಪಡುವಣ ಗೋಡೆಯಲ್ಲಿ ಬೇಕಂತಲೇ ಒಂದೂ ಕಿಟಕಿ ಇಟ್ಟಿರಲಿಲ್ಲ, ಇಳಿಬಿಸಿಲು ಹೊಡೆಯುತ್ತದೆ ಅಂತ. ಅಂಥ ಗೋಡೆಯಲ್ಲಿ ಹವಾಕ್ಕೆ ಕಿಂಡಿ ಯಾಕೆ ಕೊರೆಯುತ್ತಾನೆ? ಇಡೀ ಕಟ್ಟಡದಲ್ಲಿ ಛಜ್ಜಾ ಇಲ್ಲದ ಕಿಂಡಿ ಅದೊಂದೇ. ನಾನು ಅದನ್ನೂ ಗಮನಿಸಿದ್ದೆ. ಮುರಿದು ಬಿದ್ದಿರಬೇಕು ಅಂತ ಗೋಡೆ ತಡಕಿ ನೋಡಿದೆ, ಮುರಿದ ಗುರುತು ಇರಲಿಲ್ಲ. ಮೊದಲಿನಿಂದಲೂ ಇರಲಿಲ್ಲ ಎಂದ ಮೇಲೆ ಈಗಲೂ ಬೇಡ, ಮೂಲದಲ್ಲಿ ಇಲ್ಲದ್ದನ್ನು ನಾವು ಸೇರಿಸಬಾರದು ಅಂತ ಖಾಜಾಸಾಬನಿಗೆ ಪಾಠ ಬೇರೆ ಮಾಡಿದೆ.

ಆಗ ಅವ್ವ ನಮ್ಮ ಜೊತೆ ಯಾದಗಿರಿಯಲ್ಲಿದ್ದಳು. ಹೆಸರು ಮರೆವ್ವ. ಎರಡೂ ಕಣ್ಣಿಗೆ ಪೊರೆ ಬಂದು ಮುಖಗಳು ಬರೀ ನೆರಳಾಗಿ ಕಾಣುತ್ತಿದ್ದವು. ಆಪರೇಷನ್ ಆಗದಿದ್ದರೆ ಪೂರ್ತಿ ಕುರುಡಾಗುತ್ತಾಳೆ ಅಂತ ಡಾಕ್ಟರು ಹೇಳಿಯಾಗಿತ್ತು. ದುರಸ್ತಿಯಾದ ಆ ದವಾಖಾನೆಯಲ್ಲಿ ಕಣ್ಣಿನ ಶಿಬಿರ ಇಟ್ಟರು, ಹೊರಗಿನಿಂದ ಒಳ್ಳೆಯ ಡಾಕ್ಟರು ಬರುವವರಿದ್ದರು. ನಾನು ನಿಂತು ಸರಿಮಾಡಿದ ಕಟ್ಟಡದಲ್ಲಿ ನಮ್ಮವ್ವನ ಕಣ್ಣು ತೆರೆಯಬೇಕು ಅಂತ ನನಗೆ ಆಸೆ. ಅವ್ವ ಮಾತ್ರ ಆ ದವಾಖಾನೆಯ ಹೆಸರೆತ್ತಿದರೆ ಬೇಡ ಅನ್ನುತ್ತಿದ್ದಳು. ಯಾಕೆ ಅಂತ ನಾನು ಕೇಳಲೇ ಇಲ್ಲ. ಮುದುಕರ ಹಟ ಅಂದುಕೊಂಡೆ.

ಶಿಬಿರದ ಹಿಂದಿನ ದಿನ ಅವಳು ಮನೆಯ ಪಡಸಾಲೆಯಲ್ಲಿ ಕೂತು ಕೈಯಿಂದ ತಡವಿ ತಡವಿ ತೊಗರಿ ಬೇಳೆಯಲ್ಲಿನ ಹರಳು ಆರಿಸುತ್ತಿದ್ದಳು. ನಾನು ಎದುರಿಗೆ ಕೂತು ಕೊಚ್ಚಿಕೊಂಡೆ.

"ಯವ್ವಾ, ಮೊದಲ ಹೆಂಗಿತ್ತೋ ಹಂಗೇ ಮಾಡೀವಿ ನೋಡು. ಒಂದು ಕಲ್ಲು ಅತ್ತಿತ್ತ ಆಗಿಲ್ಲ. ಮುಚ್ಚಿದ್ದೆಲ್ಲಾ ತೆರದೀವಿ."

ಅವಳ ಕೈ ನಿಂತಿತು. "ಎಲ್ಲಾ ಹಂಗೇ ಏನೋ?"

"ಎಲ್ಲಾ ಹಂಗೇ."

ಹರಳೊಂದನ್ನು ಆರಿಸಿ ಪಕ್ಕಕ್ಕಿಟ್ಟು, "ನೀ ಮಾಡಿದ್ದದ ಅಂದ್ರ ಬರ್ತೀನಿ ಬಿಡು," ಅಂದಳು. ನನ್ನ ಮಾತಿನ ಜೋರಿಗೆ ಒಪ್ಪಿದಳು ಅಂತ ನಾನು ಬೀಗಿದೆ.

ಮರುದಿನ ಬೆಳಗ್ಗೆಯೇ ನಾನು ಹೋದೆ, ಮೇಲಿನ ಅಧಿಕಾರಿಗಳು ಕಟ್ಟಡ ನೋಡಲು ಬರುವವರಿದ್ದರು. ಅವ್ವನನ್ನು ನನ್ನ ಹೆಂಡತಿ ಕಮಲಾ ಆಮೇಲೆ ಆಟೋದಲ್ಲಿ ಕರೆತಂದಳು. ಪಡಸಾಲೆಯ ಕಟ್ಟೆಯ ಮೇಲೆ ಕೂರಿಸಿ, ಕೈಗೊಂದು ನೀರಿನ ಬಾಟಲಿ ಕೊಟ್ಟು, ಚೀಟಿ ಮಾಡಿಸಲು ಸಾಲಿನಲ್ಲಿ ನಿಂತಳು. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಅಧಿಕಾರಿಗಳು ಬಂದದ್ದು ಊಟ ಮುಗಿದ ಮೇಲೆ, ಬಿಸಿಲು ಪಡುವಣಕ್ಕೆ ತಿರುಗಿದಾಗ. ಅವರ ಜೊತೆ ನಮ್ಮ ಇಇ, ಅಂದರೆ ಕಾರ್ಯಪಾಲಕ ಇಂಜಿನಿಯರ್ ಸಾಹೇಬರು, ದವಾಖಾನೆಯ ಡಾಕ್ಟರು. ಎಲ್ಲ ತೋರಿಸಿ ಕಡೆಗೆ ಔಷಧ ಕೋಣೆಗೆ ಕರೆದುಕೊಂಡು ಹೋದೆ. ಗಾಳಿ ಬರುವುದು ಕಾಣಲಿ ಅಂತ ಒಂದು ಕಾಗದದ ಪಟ್ಟಿಯನ್ನು ಕಿಂಡಿಯ ಎದುರು ಹಿಡಿದೆ. ಅದು ಪಟಪಟ ಅಂದಿತು. "ನೋಡ್ರಿ ಸರ್, ಆ ಕಾಲದಾಗೇ ಬಡ ರೋಗಿ ಬಗ್ಗೆ ಎಷ್ಟು ವಿಚಾರ ಮಾಡ್ಯಾರ," ಅಂದೆ. ಆ ಮಾತು ನನ್ನ ಬಾಯಿಂದಲೇ ಬಂದದ್ದು.

ಅಷ್ಟರಲ್ಲಿ ಹೊರಗಿನಿಂದ ಒಂದು ಕೈ ಮೇಲೆ ಬಂತು. ಆ ಕೈಯಲ್ಲಿ ಖಾಲಿ ಮಾಡಿದ ನೀರಿನ ಬಾಟಲಿ. ತಡವುತ್ತ ಬಂದು ಕಲ್ಲಿನ ಕಾಲುವೆ ಮುಗಿಯುವಲ್ಲಿ ಬಾಟಲಿಯ ಬಾಯಿಯನ್ನು ಸರಿಯಾಗಿ ಕೂಡಿಸಿ ಹಿಡಿಯಿತು.

"ಸಾಹೇಬ್ರ, ದೂರ ನಿಂತೀನ್ರಿ. ಕಣ್ಣಿಗಿ ಔಷಧ ಹಾಕ್ರಿ."

ಬಗ್ಗಿ ನೋಡಿದೆ. ಚಪ್ಪಲಿ ಬಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು, ಸುಡುವ ಬಿಸಿಲಿನಲ್ಲಿ ಮುಖ ಮೇಲೆತ್ತಿ ನಿಂತಿದ್ದವಳು ನಮ್ಮವ್ವ. ನನ್ನ ಮುಖವನ್ನೇ ನೋಡುತ್ತಿದ್ದಳು, ಅವಳಿಗೆ ಬಿಳಿ ಅಂಗಿಯ ಯಾರೋ ಸಾಹೇಬನ ನೆರಳು ಕಾಣುತ್ತಿತ್ತು.

"ಯಾರ್ರೀ ಈ ಅಜ್ಜಿ? ಗೇಟಿನ ಕಡೆ ಕಳಿಸ್ರಿ," ಅಂದರು ಅಧಿಕಾರಿ.

"ನಮ್ಮವ್ವರಿ," ಅಂದೆ.

ಡಾಕ್ಟರು ಬಾಟಲಿ ನೋಡಿದರು, ಕಾಲುವೆ ನೋಡಿದರು, ಆಮೇಲೆ ನೆಲ ನೋಡತೊಡಗಿದರು. ನನ್ನ ಕೈಯಲ್ಲಿ ಆ ಕಾಗದದ ಪಟ್ಟಿ ಇನ್ನೂ ಅಲುಗಾಡುತ್ತಿತ್ತು. ಕಿಂಡಿ ಯಾತರದು ಎಂದು ಆ ಕ್ಷಣ ಎಲ್ಲರಿಗೂ ತಿಳಿಯಿತು. ನಮ್ಮ ಜನರನ್ನು ಒಳಗೆ ಬಿಡದೆ, ಅವರ ಬಾಟಲಿಯನ್ನು ಕೂಡ ಮುಟ್ಟದೆ, ಮೇಲಿನಿಂದ ಔಷಧ ಸುರಿಯುವುದಕ್ಕೆ ಮಾಡಿದ ದಾರಿ ಅದು. ನೆಲ ಬಾಯಿ ಬಿಡಬಾರದೆ ಅನ್ನಿಸಿತು. ಅವ್ವನನ್ನು ಕಂಡು ಹಾಗನ್ನಿಸಲಿಲ್ಲ, ನನ್ನನ್ನು ಕಂಡೇ. ಅಷ್ಟು ಜನ ಊಹೆ ಮಾಡಿದೆವು, ಅವರಿಗೆ ಹೊಳೆಯದಿದ್ದರೆ ಇರಲಿ. ಕೊಂಕಲ್‌ನ ನಮ್ಮ ಕೇರಿಯಿಂದ ಬಂದ ನನಗೂ ಹೊಳೆಯಲಿಲ್ಲವಲ್ಲ.

"ಯವ್ವಾ, ನಾ ಭೀಮರಾಯ."

ಬಾಟಲಿ ಸರಕ್ಕನೆ ಕೆಳಗಿಳಿಯಿತು. "ನೀ ಏನೋ ಅಲ್ಲಿ? ಸಾಹೇಬ್ರೆಲ್ಲಾ ಅದಾರೇನು?" ಅಂತ ಪಿಸುಗುಟ್ಟಿದಳು. "ಎಲ್ಲಾ ಮೊದಲಿನಂಗೇ ಮಾಡೀವಿ ಅಂದಿದ್ಯಲ್ಲಪ್ಪ. ಗ್ವಾಡಿ ಹಿಡಕೊಂಡು ಬಂದೆ. ಕೈಗಿ ಕಿಡಕಿ ಹತ್ತಿತು. ತೆರದಾರ ಅಂದ್ರ ಏನೋ ಕಾರಣ ಇರಬೇಕು ಅಂದ್ಕೊಂಡೆ. ಬಾಗಲಾಗ ಬಂದು ನಿಂತ್ರ ಮಂದಿ ಮುಂದ ನಿನ್ನ ಮರ್ಯಾದಿ ಹೋದೀತು ಅಂತ ಹಿಂಗ ಬಂದೆ."

ಅವ್ವ ದಡ್ಡಿಯಲ್ಲ. ಬೇರೆ ದವಾಖಾನೆಗಳಿಗೆ ಎದುರು ಬಾಗಿಲಿನಿಂದಲೇ ಹೋಗುತ್ತಿದ್ದಳು, ಸೂಜಿ ಚುಚ್ಚುವ ಡಾಕ್ಟರನ್ನು ಗದರುತ್ತಿದ್ದಳು. ಕಾಲ ಬದಲಾದದ್ದು ಅವಳಿಗೆ ಗೊತ್ತಿತ್ತು. ಅದು ತಿರುಗಿ ಬಂದಿದೆ ಅಂತ ಅವಳಿಗೆ ಹೇಳಿದವನು ನಾನು, ಅದೂ ಹೆಮ್ಮೆಯಿಂದ.

ಓಡಿ ಹೋಗಿ ಅವಳ ಕೈ ಹಿಡಿದು ಎದುರು ಬಾಗಿಲಿನಿಂದ ಕರೆತಂದೆ. ಹೊಸ್ತಿಲಲ್ಲಿ ನಿಂತು ಕಾವಲಿನವನನ್ನು, "ಬರಬಹುದೇನ್ರಿ?" ಅಂತ ಕೇಳಿದಳು. ಅವನು, "ಬಾ ಅಜ್ಜಿ, ಯಾಕ ನಿಂತಿ," ಅಂದ. ಅಂದೇ ಆಪರೇಷನ್ ಆಯಿತು.

ಸಂಜೆ ಇಇ ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ಭೀಮರಾಯ್, ಅದನ್ನ ಮುಚ್ಚಿಸಿಬಿಡ್ರಿ, ಸುಮ್ನ ಯಾಕ," ಅಂದರು. ಅವರು ಕೆಟ್ಟವರಲ್ಲ, ನನ್ನ ಮೇಲಿನ ಮಮತೆಯಿಂದಲೇ ಅಂದದ್ದು. ನನಗೂ ಅದೇ ಬೇಕಿತ್ತು. ಗಚ್ಚಿನಿಂದ ಮುಚ್ಚಲು ಸುಣ್ಣ ಅರೆಯಬೇಕು, ಒಣಗಬೇಕು, ದಿನಗಟ್ಟಲೆ ಹಿಡಿಯುತ್ತದೆ. ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಮರುದಿನ ಸಿಮೆಂಟ್ ಚೀಲ ತರಿಸಿದೆ. ಖಾಜಾಸಾಬ ಚೀಲ ನೋಡಿ ನನ್ನ ಮುಖ ನೋಡಿದ.

"ಉಪ್ಪು ಏಳ್ತದರಿ ಸಾಬ. ನೀವೇ ಹೇಳ್ತಿದ್ರಿ."

"ಬಾಯಿ ಮುಚ್ಚಿ ಹಾಕು," ಅಂದೆ. ಅವನು ಹಾಕಿದ. ನಾನು ಎದುರಿಗೇ ನಿಂತು ನೋಡಿದೆ. ಕಡೆಯ ಇಟ್ಟಿಗೆ ಕೂತಾಗ ಎದೆಯ ಭಾರ ಇಳಿದಂತಾಯಿತು.

ಕೆಲವು ದಿನ ಕಳೆದು ಕಣ್ಣು ತೋರಿಸಲು ಅವ್ವನನ್ನು ಮತ್ತೆ ಕರೆದುಕೊಂಡು ಹೋದೆ. ನನ್ನ ಮಗಳು ಜ್ಯೋತಿಯೂ ಬರಲಿ ಅಂತ ಅವ್ವನೇ ಹಟ ಹಿಡಿದಳು. ಡಾಕ್ಟರು ಪರೀಕ್ಷೆ ಮಾಡಿ ಕಣ್ಣು ಚೆನ್ನಾಗಿದೆ ಅಂದರು. ಅವ್ವ ವಾರ್ಡಿನಲ್ಲಿ ನಿಧಾನವಾಗಿ ನಡೆದಳು. ಚಾವಣಿ ನೋಡಿದಳು, ಗವಾಕ್ಷಿ ನೋಡಿದಳು, ನಡುವೆ ಒಂದು ಕಡೆ ನಿಂತಳು.

"ಒಳಗ ಇಷ್ಟು ತಂಪಿತ್ತೇನು? ನಮಗ ಗೊತ್ತೇ ಇರಲಿಲ್ಲ ನೋಡು."

ಆಮೇಲೆ ಜ್ಯೋತಿಯ ಕೈ ಹಿಡಿದುಕೊಂಡು, "ಆ ಕಿಡಕಿ ಎಲ್ಲದ? ತೋರಸು," ಅಂದಳು. ಔಷಧ ಕೋಣೆಗೆ ಕರೆದುಕೊಂಡು ಹೋದೆ. ಅಲ್ಲಿ ಹೊಸ ಗಿಲಾವು ಇತ್ತು.

"ಮುಚ್ಚಿದೇನು?"

"ಹೂಂ."

"ಯಾಕ?"

"ನಿನಗ ಬ್ಯಾಸರ ಆಗ್ತದಂತ."

"ನನಗ್ಯಾಕ ಬ್ಯಾಸರ? ನಿಂತಾಕಿ ನಾನು. ನಾನೇನು ಕಳ್ಳತನ ಮಾಡಿದ್ನೇನು ನಾಚಿಕಿ ಪಡಾಕ?" ಅವ್ವ ಗಿಲಾವಿನ ಮೇಲೆ ಕೈ ಇಟ್ಟಳು. ಸುನೀತಾ, ಮಳೆ ಹತ್ತಿದಾಗ ನೀನು ನೋಡುವ ಚೌಕನೆಯ ಗುರುತು ಆ ಜಾಗದ್ದೇ, ಅದು ಸುಣ್ಣಕ್ಕೆ ಹೋಗುವಂಥದ್ದಲ್ಲ.